ಅಬ್ಬಲಿಗೆ ಪಾತಿಯ ಭತ್ತ

ಆಗೆಲ್ಲ ಭಾನುವಾರ ಬೆಳಿಗ್ಗೆ ಏಳು ಗಂಟೆಯೆಂದರೆ ನಮ್ಮ ಮನೆಯಲ್ಲಿ ಕಳೆ ಕೀಳುವ ಹೊತ್ತು. ಹಾಜರಿರುತ್ತಿದ್ದವರು ಮೂವರು: ಕೈ ಹಿಂದೆ ಕಟ್ಟಿ ನಿಂತ ಮೇಷ್ಟ್ರು ಅಪ್ಪ, ಜಗಲಿಯಲ್ಲಿ ವೀಳ್ಯ ಮೆಲ್ಲುವ ಅಜ್ಜಿ, ಪಾತಿಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತ ನಾನು.

ನರಿಕೊಂಬಿನ ಆ ಬಾಡಿಗೆ ಮನೆಯಲ್ಲಿ ನಮ್ಮದೆನ್ನುವ ಬೆಳೆ ಅಂಗಳದಂಚಿನ ಅಬ್ಬಲಿಗೆ ಹೂವು ಮಾತ್ರ. ಮಳೆ ಹಿಡಿಯುವ ಮೊದಲೇ ಪಾತಿಗೆ ಬೈಹುಲ್ಲು ಹೊದಿಸುತ್ತಿದ್ದೆವು. ಅದರಡಿಗೆ ಕೈ ತೂರಿಸಿದರೆ ಬೆಚ್ಚಗೆ, ಅಣಬೆಯ ವಾಸನೆ. ಹೊದಿಕೆ ಸೀಳಿ ಬಂದ ಗರಿಕೆ, ನಾಚಿಕೆಮುಳ್ಳು ಎಲ್ಲವನ್ನೂ ಬೇರುಸಹಿತ ಕೀಳಬೇಕು, ಸರಿದ ಹುಲ್ಲನ್ನು ಮತ್ತೆ ಹರಡಬೇಕು. ಗಂಜಿ ಆಮೇಲೆ.

ಆ ವರ್ಷ ಪಾತಿಯ ನಡುವೆ ಒಂದು ಹಸಿರು ಬುಡ ಎದ್ದಿತು. ಕೈ ಹಾಕಿದೆ.

"ಕೀಳ್ಬೇಡ ಮಾರಾಯ್ತಿ!" ಅಜ್ಜಿ ಜಗಲಿಯಿಂದಲೇ ಕೂಗಿದಳು. ಬಂದು ಬಗ್ಗಿ ಎಲೆ ಬಿಡಿಸಿ ತೋರಿಸಿದಳು. ಎಲೆಯ ಬುಡದಲ್ಲಿ ಪುಟ್ಟ ಬಿಳಿ ನಾಲಿಗೆ. "ಹುಲ್ಲಿಗೆ ಇದು ಇಲ್ಲ. ಇದು ಭತ್ತ. ಬೈಹುಲ್ಲಲ್ಲಿ ಉಳಿದ ಕಾಳು."

"ಹೂವಿನ ಪಾತಿಯಲ್ಲಿ ಹೂವಲ್ಲದ್ದೆಲ್ಲ ಕಳೆಯೇ" ಎಂದರು ಅಪ್ಪ.

"ಹಾಗಾದ್ರೆ ಮಧ್ಯಾಹ್ನ ನಿನಗೆ ಅಬ್ಬಲಿಗೆ ಬಡಿಸ್ಲಾ?"

ಅಪ್ಪ ಗಂಜಿಗೆಂದು ಒಳಗೆ ಹೊರಟರು. "ಬರುವ ಭಾನುವಾರ ತೆಗೆಯುವ."

ಅಜ್ಜಿ ಬೆಳ್ತಂಗಡಿ ಕಡೆಯ ಗದ್ದೆಗಳ ನಡುವೆ ಬೆಳೆದವಳು. ನವರಾತ್ರಿಗೆ ಹೊಸ ತೆನೆಯನ್ನು ಮಾವಿನೆಲೆ, ಹಲಸಿನೆಲೆಯಲ್ಲಿ ಸುತ್ತಿ ಬಾಗಿಲಿಗೆ ಕಟ್ಟುವುದು ನಮ್ಮ ಕ್ರಮ. ನರಿಕೊಂಬಿಗೆ ಬಂದ ಮೇಲೆ ಪಕ್ಕದ ಗಿರಿಜಕ್ಕನ ಗದ್ದೆಯಿಂದ ತೆನೆ ಕೇಳಿ ತರುತ್ತಿದ್ದಳು. ಗಿರಿಜಕ್ಕ ಕೈತುಂಬ ಕೊಡುತ್ತಿದ್ದಳು. ಅಜ್ಜಿ ಮಾತ್ರ ಆ ದಿನವಿಡೀ ಮಾತು ಕಡಿಮೆ ಮಾಡುತ್ತಿದ್ದಳು.

ಬರುವ ಭಾನುವಾರ ಬಂತು, ಹೋಯಿತು. ಮಳೆ ಅಂಗಳವನ್ನೂ ಮನೆ ಕೆಳಗಿನ ಹೊಳೆಯನ್ನೂ ಒಂದೇ ಬಣ್ಣ ಮಾಡಿತು. ನಾನು ಎಲೆ ಬಿಡಿಸಿ ನಾಲಿಗೆ ನೋಡಿ ನೋಡಿ ಕಳೆ ಕೀಳುತ್ತಿದ್ದೆ. ಭತ್ತ ಅಬ್ಬಲಿಗೆಗಿಂತ ಎತ್ತರವಾಯಿತು. ಅದರ ನೆರಳಲ್ಲಿ ಎರಡು ಗಿಡ ಸೊರಗಿದವು. ಒಂದು ಭಾನುವಾರ ಅಪ್ಪ ತಾವೇ ಕೂತು ಬುಡಕ್ಕೆ ಕೈ ಹಾಕಿದರು.

ಅಜ್ಜಿ ಕೂಗಲಿಲ್ಲ. "ದಂಟು ಮುಟ್ಟಿ ನೋಡು ಮಗಾ" ಎಂದಳು, ಮೆಲ್ಲಗೆ. "ಬಸಿರಿ ಅದು."

ಅಪ್ಪನ ಬೆರಳು ಉಬ್ಬಿದ ದಂಟಿನ ಮೇಲೆ ತುಸು ಹೊತ್ತು ನಿಂತಿತು. ಎದ್ದು ಕೈ ಝಾಡಿಸಿಕೊಂಡರು. ಮಾರನೆಯ ಬೆಳಿಗ್ಗೆ ನೋಡಿದರೆ, ಭತ್ತ ವಾಲದಂತೆ ಒಂದು ಕೋಲು ಊರಿಯಾಗಿತ್ತು.

ನವರಾತ್ರಿಯ ಆ ಬೆಳಿಗ್ಗೆ ಗಿರಿಜಕ್ಕ ಬೇಲಿಯಾಚೆಯಿಂದ ಕೇಳಿದಳು: "ಎಂತ ಅಜ್ಜಿ, ಈ ಸರ್ತಿ ತೆನೆ ಬೇಡ್ವಾ?"

"ನಮ್ಮ ಗದ್ದೆದ್ದೇ ಉಂಟು" ಎಂದಳು ಅಜ್ಜಿ. ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಅಪ್ಪ ತೆನೆ ಕೊಯ್ದು ಬಾಳೆಲೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ತಂದರು, ಅಂಗಳದಷ್ಟೇ ದೂರ. ಅಜ್ಜಿ ಬಾಗಿಲಿಗೆ ಕಟ್ಟಿದಳು. ನಾನು ಪಾತಿಗೆ ಹೋಗಿ, ಕೊಯ್ದು ಉಳಿದ ಕೂಳೆಯ ಸುತ್ತ ಬೈಹುಲ್ಲು ಸರಿಯಾಗಿ ಹರಡಿ ಬಂದೆ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.

ಈಗ ನನ್ನ ಹೂವಿನ ಪಾತಿಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ತೆನೆ ಪೇಟೆಯಿಂದ ಬರುತ್ತದೆ. ಭಾನುವಾರ ಏಳು ಗಂಟೆಗೆ ಇಂದಿಗೂ ಅಲ್ಲಿ ಹೋಗಿ ನಿಲ್ಲುತ್ತೇನೆ. ಅಪ್ಪ ಮೆಚ್ಚುವಷ್ಟು ಚೊಕ್ಕವಾಗಿದೆ. ಕೀಳಲು ಏನೂ ಇಲ್ಲ, ಕೀಳದೆ ಬಿಡಲೂ ಏನೂ ಇಲ್ಲ.