ಕಪ್ಪು ಬಳಿದ ಬಿಳಿ ಹೊಗೆ

ಶಾಂತವ್ವ, ನಾನು ನಿನಗೆ ಸುಳ್ಳು ಹೇಳಿದ್ದೆ. ಏಳು ವರ್ಷವಾಯಿತು. ನನ್ನ ಇಟ್ಟಂಗಿ ಭಟ್ಟಿಯಲ್ಲಿ ಹೊಸ ರೀತಿ ಪೇರಿಸಿ ಸುಟ್ಟದ್ದು ಕೆಟ್ಟಿತು ಎಂದಿದ್ದೆನಲ್ಲ — ಕೆಟ್ಟಿರಲಿಲ್ಲ. ಬಂಗಾರದಂಥ ಇಟ್ಟಂಗಿ ಬಂದಿದ್ದವು.

ನೆನಪಿದೆಯಲ್ಲ — ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ತಾಲ್ಲೂಕಿಗೊಬ್ಬರಂತೆ ನಾವು ನಾಲ್ವರು ಭಟ್ಟಿಯವರು ಮನಗೂಳಿಯಲ್ಲಿ ಕೂಡಿ ಮಾತು ಕೊಟ್ಟುಕೊಂಡದ್ದು? ಒಬ್ಬರು ಕಲಿತದ್ದು ನಾಲ್ವರಿಗೂ ಸೇರಬೇಕು ಎಂದು. ಇಟ್ಟಂಗಿಯನ್ನು ನೇರ ಸಾಲಿನಲ್ಲಿಡದೆ, ಬಿಸಿಗಾಳಿ ಅಂಕುಡೊಂಕಾಗಿ ಸುತ್ತಿ ಹೋಗುವಂತೆ ಪೇರಿಸಿರಿ ಎಂದು ಅಲ್ಲಿಗೆ ಬಂದಿದ್ದ ಇಂಜಿನಿಯರಿಂಗ್ ಕಾಲೇಜಿನ ಮಾಸ್ತರರು ಹೇಳಿಕೊಟ್ಟಿದ್ದರು. ಕಲ್ಲಿದ್ದಲೂ ಉಳಿಯುತ್ತದೆ, ಗಾಳಿಗೆ ಸೇರುವ ಇಂಗಾಲವೂ ಕಡಿಮೆ. ಮೊದಲು ಧೈರ್ಯ ಮಾಡಿದವಳು ನೀನು, ನಿನ್ನ ಯಂಕಂಚಿಯ ಭಟ್ಟಿಯಲ್ಲಿ. ಅರ್ಧ ಇಟ್ಟಂಗಿ ಹಸಿ ಉಳಿದವು.

ನನ್ನದೂ ಮೊದಲ ಸಲ ಹಾಗೆಯೇ. ಎರಡನೆಯ ಸಲ ಕಾರಣ ಸಿಕ್ಕಿತು: ಮೇಲಿನ ಬೂದಿಯ ಹೊದಿಕೆ ತೆಳುವಾಗಿ ತಣ್ಣನೆಯ ಗಾಳಿ ಒಳಗೆ ನುಗ್ಗುತ್ತಿತ್ತು. ಬೂದಿ ದಪ್ಪಗೆ ಹಾಸಿದೆ, ಕಲ್ಲಿದ್ದಲನ್ನು ಬುಟ್ಟಿಗಟ್ಟಲೆ ಸುರಿಯದೆ ಸೌಟಿನಷ್ಟೇ ಹಾಕುತ್ತ ಹೋದೆ. ಚಿಮಣಿಯಿಂದ ಬಿಳಿ ಹೊಗೆ ಬಂತು. ಹೇಳಲು ಎರಡು ನಿಮಿಷ ಸಾಕಿತ್ತು.

ಹೇಳಲಿಲ್ಲ. ನನ್ನ ಇಟ್ಟಂಗಿಗೇ ಹೆಸರು ಬರಲಿ ಎಂಬ ಆಸೆ — ಆಸೆ ಎಂದರೆ ಸಣ್ಣ ಮಾತಾಯಿತು, ಹೊಟ್ಟೆಕಿಚ್ಚು. ನೀನು ನೋಡಲು ಬರುವ ದಿನ ಬೆಳಿಗ್ಗೆಯೇ ಹಸಿ ತೊಗರಿಕಟ್ಟಿಗೆ, ಹಳೆಯ ಟೈರು ಭಟ್ಟಿಗೆ ತುರುಕಿದೆ. ಚಿಮಣಿ ಕರ್‍ರಗೆ ಹೊಗೆ ಕಾರಿತು.

“ಅಣ್ಣಾರ, ನಿಮ್ದರ ಹೆಂಗ ಆತ್ರಿ?” ಎಂದು ಕೇಳಿದೆ ನೀನು.

“ನಂದೂ ಅಷ್ಟ ಆತವ್ವಾ, ಬರೇ ಹಸಿ. ಈ ಉಸಾಬರಿ ಬ್ಯಾಡ, ಹಳೇದಕ್ಕ ಹೋಗು.”

ನೀನು ತಲೆಯೆತ್ತಿ ಹೊಗೆ ನೋಡಿದೆ, ನಂಬಿದೆ. ನಿನ್ನ ಮಾತು ಕೇಳಿ ಉಳಿದಿಬ್ಬರೂ ಬಿಟ್ಟರು. ಕೂಟ ಅಲ್ಲಿಗೇ ಮುರಿಯಿತು.

ಮೊನ್ನೆ ಸಿಂದಗಿಗೆ ಹೋಗುವಾಗ ನಿನ್ನ ಚಿಮಣಿ ಕಂಡಿತು, ಇನ್ನೂ ಕಪ್ಪಗೆ. ಭಟ್ಟಿಯ ಮೇಲೆ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದೆ ನೀನು. ನಾಚಿಕೆಯಾಯಿತು — ಗಾಡಿ ನಿಲ್ಲಿಸಲಿಲ್ಲ, ಅದೂ ನನ್ನ ತಪ್ಪೇ. ನನ್ನ ಹೊಗೆ ಬೆಳ್ಳಗಿದೆ ಎಂದು ಬೀಗಿದೆನಲ್ಲ, ನಾನು ತಗ್ಗಿಸಿದ್ದಕ್ಕಿಂತ ಹೆಚ್ಚಿನ ಹೊಗೆ ನನ್ನ ಸುಳ್ಳಿನಿಂದಲೇ ನಿಮ್ಮ ಮೂರು ಭಟ್ಟಿಗಳಲ್ಲಿ ಎದ್ದಿದೆ.

ಕ್ಷಮಿಸು ಎನ್ನುವುದಿಲ್ಲ, ಅದು ನಿನಗೆ ಬಿಟ್ಟದ್ದು. ಸೋಮವಾರ ನಿನ್ನ ಭಟ್ಟಿಗೆ ಬರುತ್ತೇನೆ, ಉಳಿದಿಬ್ಬರನ್ನೂ ಕರೆದಿದ್ದೇನೆ. ಅವರೆದುರು ಇದನ್ನೆಲ್ಲ ನನ್ನ ಬಾಯಿಂದಲೇ ಹೇಳುತ್ತೇನೆ. ಬೈದು ಅಟ್ಟಿದರೂ ಸರಿ ಶಾಂತವ್ವ, ಬೂದಿ ಎಷ್ಟು ದಪ್ಪ ಹಾಸಬೇಕೆಂದು ನಿನಗೆ ತೋರಿಸಿಯೇ ಹೋಗುತ್ತೇನೆ.