ನಂಜುಂಡಣ್ಣನ ಸೀಲೊಡೆಯದ ಮೀನು

ಮುಚ್ಚಿದ ಡಬ್ಬಿ ಯಾವುದೇ ಕೈಗೆ ಸಿಗಲಿ, ನಂಜುಂಡಣ್ಣ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದ. ಬೆಂಕಿಪೊಟ್ಟಣ, ಮಾತ್ರೆ ಡಬ್ಬಿ, ಬೇಕರಿಯ ಸ್ವೀಟು, ಕೊನೆಗೆ ನನ್ನ ಮದುವೆಯಲ್ಲಿ ಬೇರೆ ಯಾರೋ ಕೊಟ್ಟ ಉಡುಗೊರೆ ಕೂಡ. ಆ ಉಡುಗೊರೆಯನ್ನೂ ಕಣ್ಣು ಅರ್ಧ ಮುಚ್ಚಿ, ತಲೆ ಒಂದು ಕಡೆಗೆ ವಾಲಿಸಿ, ಗಲಗಲ ಅನ್ನಿಸಿ, “ಗಡಿಯಾರ ಕಣ್ಲಾ ಕುಮಾರ. ಗ್ಲಾಸು ಒಡ್ದೋಗೈತೆ,” ಅಂದ. ಆಮೇಲೆ ಬಿಚ್ಚಿ ನೋಡಿದರೆ ಗಡಿಯಾರವೇ, ಗಾಜೂ ಒಡೆದಿತ್ತು. ಅವನು ಅಲುಗಾಡಿಸಿದ್ದರಿಂದಲೇ ಒಡೆಯಿತೋ ಏನೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ಒಂದು ಅನುಮಾನ ನಂಚಿಕೊಳ್ಳದೆ ನನಗೆ ಅನ್ನ ಇಳಿಯುವುದಿಲ್ಲ.

ಅದು ರೇಷ್ಮೆಯವರ ಅಭ್ಯಾಸ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನಂಜುಂಡಣ್ಣ ಗೂಡು ಕೊಳ್ಳುತ್ತಿದ್ದದ್ದೇ ಹಾಗೆ. ಒಂದು ಗೂಡು ಎತ್ತಿ ಕಿವಿಗೆ ಹಿಡಿದರೆ ಒಳಗಿನ ಹುಳದ ಸದ್ದಿನಲ್ಲೇ ಅವನಿಗೆ ಎಲ್ಲ ಗೊತ್ತಾಗುತ್ತಿತ್ತಂತೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವನ ರೀಲಿಂಗ್ ನಡೆಯುತ್ತಿತ್ತು: ಕುದಿಯುವ ನೀರಿನಲ್ಲಿ ಗೂಡು ಹಾಕಿ, ಎಳೆಯ ತುದಿ ಹಿಡಿದು ನೂಲು ಸುತ್ತುವ ಕೆಲಸ. ಗೂಡನ್ನು ಹೆಚ್ಚು ದಿನ ಇಟ್ಟುಕೊಂಡರೆ ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಗೆ ಬಂದುಬಿಡುತ್ತದೆ. ಆಮೇಲೆ ಆ ಗೂಡಿನಿಂದ ನೂಲು ಬರುವುದಿಲ್ಲ, ಬರೀ ತುಂಡು. ನಂಜುಂಡಣ್ಣನಿಗೆ ಜೀವನದಲ್ಲಿ ಭಯವಿದ್ದದ್ದು ಅದೊಂದಕ್ಕೇ, ತೂತಾದ ಗೂಡಿಗೆ.

ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದ ವರ್ಷಗಳವು. ಬೆಳಿಗ್ಗೆ ಗಾರ್ಮೆಂಟ್ಸಿನ ಬಸ್ಸು ಬಂದು ಹಾರ್ನ್ ಹೊಡೆದರೆ, ನಂಜುಂಡಣ್ಣನ ಶೆಡ್ಡಿನ ಹೆಂಗಸರೆಲ್ಲ ಅದನ್ನೇ ಹತ್ತಿ ಹೋಗತೊಡಗಿದರು. ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಳ್ಳುವುದಕ್ಕಿಂತ ಫ್ಯಾನಿನ ಕೆಳಗೆ ಕಾಲರ್ ಹೊಲಿಯುವುದು ಯಾರಿಗೆ ಬೇಡ? ಕೊನೆಗೆ ಒಲೆಯ ಮುಂದೆ ಉಳಿದವಳು ಅವನ ಹೆಂಡತಿ ಗೌರಕ್ಕ ಒಬ್ಬಳೇ. ಒಂದು ದಿನ ಅವಳೂ, “ನಾನೂ ಬಸ್ಸು ಹತ್ತಲಾ?” ಅಂದಳಂತೆ. ಮಾರನೆಯ ವಾರವೇ ನಂಜುಂಡಣ್ಣ ಒಲೆ ಕೀಳಿಸಿ, ಶೆಡ್ಡಿಗೆ ಸುಣ್ಣ ಬಳಿಸಿ, ಟೀವಿಗಳನ್ನು ಜೋಡಿಸಿ, ವಿಡಿಯೋ ಗೇಮ್ ಅಂಗಡಿ ತೆರೆದ. ಶಿಫ್ಟು ಮುಗಿಸಿ ಬರುವ ನನ್ನಂಥವರೇ ಗಿರಾಕಿಗಳು. ನಾನು ಆಗ ಬಿಡದಿ ಕಡೆಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದೆ. ಸೀಲಾದ ರಟ್ಟಿನ ಪೆಟ್ಟಿಗೆಗಳನ್ನು ಸೀಲಾದ ಹಾಗೆಯೇ ಕಾಯುವುದು ನನ್ನ ಉದ್ಯೋಗ. ಸುಣ್ಣ ಎಷ್ಟೇ ಬಳಿದರೂ ಬೇಯಿಸಿದ ಹುಳದ ವಾಸನೆ ಆ ಗೋಡೆಯನ್ನು ಬಿಡಲಿಲ್ಲ. ಈಗಲೂ ಟೀವಿಯಲ್ಲಿ ಕಾರ್ ರೇಸು ಕಂಡರೆ ನನ್ನ ಮೂಗಿಗೆ ಆ ವಾಸನೆ ಬರುತ್ತದೆ.

ಆಡಲು ಕೊಡುತ್ತಿದ್ದದ್ದು ಕಾಪಿ ಸಿ.ಡಿ.ಗಳು. ಒರಿಜಿನಲ್‌ಗಳು ಗಾಜಿನ ಬೀರುವಿನಲ್ಲಿ, ಪ್ಲಾಸ್ಟಿಕ್ ಹೊದಿಕೆ ಹರಿಯದೆ, ದೇವರ ಪಟದ ಪಕ್ಕದಲ್ಲಿ ಕೂತಿರುತ್ತಿದ್ದವು. ಫಾರಿನ್ನಿನಲ್ಲಿ ಸೀಲೊಡೆಯದ ಗೇಮಿಗೆ ಮುಂದೆ ಭಾರಿ ಬೆಲೆ ಬರುತ್ತದೆ ಎಂದು ಬ್ರೌಸಿಂಗ್ ಸೆಂಟರಿನಲ್ಲಿ ಯಾರೋ ತೋರಿಸಿದ್ದರು. ಅದನ್ನು ನಂಬಲು ರೀಲರ್‌ಗೆ ಇಂಟರ್‌ನೆಟ್ಟೇ ಬೇಕಿರಲಿಲ್ಲ. ಯಾರಾದರೂ, “ಅಣ್ಣೋ, ಅದೊಂದು ಹಾಕಣ್ಣ, ಒಸಿ ನೋಡನ,” ಅಂದರೆ, “ಗೂಡು ಕೊಯ್ದು ಹುಳ ನೋಡ್ತಾರೇನ್ಲಾ? ಸೀಲ್ ಹರುದ್ರೆ ತೂತಾದಂಗೆ,” ಅನ್ನುತ್ತಿದ್ದ. ಪ್ರತಿ ಸೋಮವಾರ ಒಂದೊಂದನ್ನೇ ಇಳಿಸಿ, ಬಟ್ಟೆಯಲ್ಲಿ ಒರೆಸಿ, ಕಿವಿಗೆ ಹಿಡಿದು ಅಲುಗಾಡಿಸಿ ಮತ್ತೆ ಇಡುವನು. ಸಿ.ಡಿ. ಸದ್ದು ಮಾಡಿದರೆ ಒಳ್ಳೆಯದೋ ಮಾಡದಿದ್ದರೆ ಒಳ್ಳೆಯದೋ, ಅವನಿಗೇ ಗೊತ್ತಿರಲಿಲ್ಲ.

ಒಂದು ಮಳೆಗಾಲ ಶೆಡ್ಡಿನ ಗೋಡೆಗಳು ಬೆವೆತವು. ಡಬ್ಬಿಗಳ ಒಳಗೆ ತೇವ ಸೇರಿತೆಂದು ನಂಜುಂಡಣ್ಣನಿಗೆ ದಿಗಿಲು. ಬಿಸಿಲು ಬಿದ್ದ ಮೊದಲ ದಿನವೇ ಗೂಡು ಒಣಗಿಸುತ್ತಿದ್ದ ಬಿದಿರಿನ ತಟ್ಟೆಯಲ್ಲಿ ಅಷ್ಟನ್ನೂ ತಾರಸಿಯ ಮೇಲೆ ಹರವಿದ. ಒಣಗಿಸಿದರೆ ಗೂಡು ಕೆಡುವುದಿಲ್ಲ, ಗೇಮು ಯಾಕೆ ಕೆಟ್ಟೀತು? ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ಕು ಬಿಗಿದು ಡಬ್ಬಿಗಳೆಲ್ಲ ಹಪ್ಪಳದ ಹಾಗೆ ಸೊಟ್ಟಗಾದವು. ಕೆಲವುಗಳ ಹೊದಿಕೆ ಬಿರಿದೇ ಹೋಯಿತು. ಬಿರಿದ ಕಡೆ ಅವನು ಸೆಲ್ಲೋಟೇಪು ಅಂಟಿಸಿದ.

“ಒಸಿ ಉಪ್ಪು ಖಾರನೂ ಹಾಕ್ಬುಡಿ. ಉಪ್ಪಿನ್‌ಕಾಯಿ ಆಯ್ತವೆ,” ಅಂದಳು ಗೌರಕ್ಕ ಮೆಟ್ಟಿಲ ಮೇಲೆ ನಿಂತು.

“ನಗ್ಬೇಡ ಕಣಮ್ಮಿ, ಹೊಟ್ಟೆ ಉರೀತದೆ,” ಅಂದ ಅವನು. ನಿಜವಾಗಿಯೂ ಅವನ ಕಣ್ಣು ತುಂಬಿತ್ತು. ಹೀಗೆ ಹರಿದವನ್ನಾದರೂ ಆಡಲು ಕೊಡುತ್ತಾನೆಂದು ನಾವು ಆಸೆಪಟ್ಟರೆ, ಅವೂ ಟೇಪಿನ ಸಮೇತ ಬೀರು ಸೇರಿದವು.

ಈ ಗೌರಕ್ಕ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಒಬ್ಬಳೇ ಕೂತು ಆಡುತ್ತಿದ್ದಳು. ಎಷ್ಟೋ ವರ್ಷ ಕುದಿನೀರಿನಿಂದ ಕಾಣದ ಎಳೆ ಹೆಕ್ಕಿದ ಬೆರಳುಗಳು. ಎರಡೂ ಕೈಯಲ್ಲಿ ಹಿಡಿದು ಆಡುವ ರಿಮೋಟಿನ ಗುಂಡಿಗಳ ಮೇಲೆ ಓಡಾಡಿದರೆ ನಮ್ಮ ಕಾರುಗಳೆಲ್ಲ ಹಿಂದೆ. “ಅಕ್ಕ, ಒಂದ್ಸಲ ನಂಗೂ ಗೆಲ್ಲಾಕೆ ಬುಡಕ್ಕ,” ಅಂದರೆ, “ಗೆಲ್ಲಾಕೆ ಬುಡದು ಏನಪ್ಪಾ, ನೀನು ಬ್ರೇಕ್ ಬುಡು ಮೊದ್ಲು,” ಅನ್ನುವಳು. ಖಾಲಿ ರಸ್ತೆಯಲ್ಲೂ ಬ್ರೇಕ್ ಒತ್ತಿಕೊಂಡೇ ಆಡುತ್ತಿದ್ದವನು ನಾನು.

ಆ ಬಿಸಿಲಿನ ಪ್ರಸಂಗವಾದ ಮೇಲೆ ಬೀರುವಿಗೆ ಮೀನು ಹಿಡಿಯುವ ಗೇಮೊಂದು ಬಂತು, ಅದೂ ನನ್ನ ಕೈಯಿಂದ. ನಮ್ಮ ಕಾರ್ಖಾನೆಗೆ ಜಪಾನಿನಿಂದ ಬಂದಿದ್ದ ಇಂಜಿನಿಯರೊಬ್ಬ ಊರಿಗೆ ಹೊರಡುವ ದಿನ ನನ್ನನ್ನು ಕರೆದು, ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಅದನ್ನು ಕೊಟ್ಟಿದ್ದ. ಮೇಲೆ ನೀಲಿ ಕೆರೆ, ನೀರಿನಿಂದ ಎಗರುತ್ತಿರುವ ಒಂದು ಮೀನು, ಸುತ್ತ ಜಪಾನಿ ಅಕ್ಷರ. ನಾನೂ ಬಗ್ಗಿದೆ, ಏಳುವಷ್ಟರಲ್ಲಿ ಚಿಂತೆ ಹತ್ತಿತ್ತು. ಗೇಟ್‌ಪಾಸ್ ಇಲ್ಲದೆ ಹೊರಗೆ ಒಯ್ಯುವುದು ಹೇಗೆ? ಟಿಫನ್ ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿಯ ಕೆಳಗಿಟ್ಟು ತಂದೆ. ಮನೆಯಲ್ಲಿಡಲು ಧೈರ್ಯ ಬರದೆ ನಂಜುಂಡಣ್ಣನಿಗೆ ಕೊಟ್ಟೆ. ಅವನು ಅಲುಗಾಡಿಸಿ, “ಒಳ್ಳೆ ಮಾಲು,” ಅಂದು ನಡುವಿನ ಅರೆಯಲ್ಲಿಟ್ಟ.

ಗೌರಕ್ಕನ ಕಣ್ಣು ಅದರ ಮೇಲೆ ಬಿತ್ತು. ಅವಳ ತವರು ಕೈಲಾಂಚದ ಕಡೆ. ಚಿಕ್ಕಂದಿನಲ್ಲಿ ಊರ ಮಕ್ಕಳೆಲ್ಲ ಕೆರೆಯಲ್ಲಿ ಗಾಳ ಹಾಕುವಾಗ ಇವಳು ಏರಿಯ ಮೇಲೆ ಕೂತು ನೋಡಬೇಕಿತ್ತಂತೆ. ಲಿಂಗ ಕಟ್ಟಿದ ಮನೆ. ಗಾಳದ ಕಡ್ಡಿ ಮುಟ್ಟಿದರೂ ಅಜ್ಜಿ ಸ್ನಾನ ಮಾಡಿಸುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಇರುವಾಗಲೇ ಅವಳು ಕೇಳಿದಳು. “ಅದೊಂದು ಹಾಕಿ ಅಂದ್ರೆ. ಒಂದೇ ಒಂದ್ಸಲ ಗಾಳ ಹಾಕ್ತೀನಿ.”

“ಮೀನಾ? ನಮ್ಮ ಮನೇಲಿ?” ಅಂದ ನಂಜುಂಡಣ್ಣ.

“ಟೀವಿ ಒಳಗ್ಳ ಮೀನು ಸಾಯ್ತದಾ? ಈ ಶೆಡ್ನಲ್ಲೇ ಎಷ್ಟು ಹುಳ ಬೇಯಿಸಿವ್ನಿ ನಾನು, ನಿಮ್ಮನೆ ಸೊಸೆಯಾಗಿ. ಆಗ ಯಾರೂ ಸ್ನಾನ ಮಾಡ್ಸ್ಲಿಲ್ಲ.”

ನಂಜುಂಡಣ್ಣ ಎದ್ದ. ಬೀರು ತೆಗೆದು ಡಬ್ಬಿ ಇಳಿಸಿದ. ಹೊದಿಕೆಯ ಮಡಿಕೆಯ ಹತ್ತಿರ ಹೆಬ್ಬೆರಳ ಉಗುರು ಇಟ್ಟ. ಅಲ್ಲೇ ನಿಂತಿತು ಉಗುರು. ನನ್ನ ಕಡೆ ತಿರುಗಿ, “ನಿಂದು ಕಣ್ಲಾ ಇದು. ನೀನೇ ಹೇಳು. ಒಡೀಲಾ, ಬ್ಯಾಡ್ವಾ?” ಅಂದ.

ನನ್ನ ತಲೆಯಲ್ಲಿ ಓಡಿದ್ದು ಗೌರಕ್ಕನ ಕೆರೆಯಲ್ಲ. ಆ ಇಂಜಿನಿಯರು ವಾಪಸ್ ಬಂದು ಕೇಳಿದರೆ? ಗೇಟ್‌ಪಾಸಿನ ವಿಷಯ ಎದ್ದರೆ? ಸೀಲಿದ್ದರೆ ವಾಪಸ್ ಕೊಡಬಹುದು. ಸೀಲು ಹೋದರೆ ಏನೂ ಮಾಡಲಾಗದು. ಸ್ಟೋರ್ಸಿನವನಿಗೆ ಬೇರೆ ಧರ್ಮ ಗೊತ್ತಿಲ್ಲ. “ಇರ್ಲಿ ಬುಡಣ್ಣ, ಅವಸರ ಏನೈತೆ,” ಅಂದೆ.

ನಂಜುಂಡಣ್ಣನ ಮುಖದಲ್ಲಿ ಪಾರಾದ ಸಮಾಧಾನ. ಗೌರಕ್ಕ ನಕ್ಕಳು. “ಸರಿಯಾದ ಜೋಡಿ,” ಅಂದು ಒಳಗೆ ಹೋಗಿ ನನಗೆ ಕಾಫಿ ತಂದಳು. ಅದಕ್ಕೆ ಸಕ್ಕರೆ ಎಂದಿಗಿಂತ ಜಾಸ್ತಿಯೇ ಇತ್ತು. ಆ ಸಕ್ಕರೆ ನನ್ನನ್ನು ಇನ್ನೂ ಕೊರೆಯುತ್ತದೆ. ಆಮೇಲೆ ಅವಳು ಎಂದೂ ಕೇಳಲಿಲ್ಲ. ನಂಜುಂಡಣ್ಣ ಮಾತ್ರ ಸೋಮವಾರದ ಒರೆಸಾಟದಲ್ಲಿ ಆ ಡಬ್ಬಿಯ ಸರದಿ ಬಂದಾಗ ಅವಳ ಕಡೆ ಬೆನ್ನು ಮಾಡಿ ನಿಲ್ಲತೊಡಗಿದ.

ಹುಡುಗರ ಜೇಬಿಗೆಲ್ಲ ಮೊಬೈಲು ಬಂದ ಮೇಲೆ ಅಂಗಡಿ ಮುಚ್ಚಿತು. ಬೀರು, ಜೊತೆಗೆ ಒಂದು ಟೀವಿ, ಗೇಮಿನ ಮಿಷಿನ್ನು ನಡುಮನೆಗೆ ಬಂದವು. ಆಮೇಲೊಂದು ಬೆಳಿಗ್ಗೆ ಗೌರಕ್ಕ ಬಚ್ಚಲ ಹತ್ತಿರ ಬಿದ್ದಳು, ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಮಾತು ಉಳಿಯಿತು. ಬಲಗೈ ಮಾತ್ರ ಮಡಿಲಲ್ಲಿ ಇಟ್ಟಲ್ಲೇ ಇರುತ್ತಿತ್ತು.

ನೋಡಲು ಹೋಗಬೇಕೆಂದುಕೊಂಡು ನಾನು ಬಹಳ ದಿನ ಹೋಗಲಿಲ್ಲ. ಬರಿಗೈಯಲ್ಲಿ ಹೇಗೆ ಹೋಗುವುದು, ಹಣ್ಣು ಒಯ್ದರೆ ಸಕ್ಕರೆ ಕಾಯಿಲೆಯೂ ಇದೆಯೋ ಏನೋ, ಎಂದೆಲ್ಲ ಯೋಚಿಸುತ್ತಲೇ ಕಾಲ ಕಳೆಯಿತು. ಕೊನೆಗೆ ಹೋದ ದಿನ ಬಾಗಿಲ ಆಚೆಗೇ ಗೌರಕ್ಕನ ಬೈಗುಳ ಕೇಳಿಸಿತು.

“ಹಂಗೆ ಎಳೀತಾರಾ? ಎಳೆ ತುಂಡಾಗಲ್ವಾ? ಒಸಿ ಬುಡಿ, ಸಡ್ಲ ಬುಡಿ! ಇಷ್ಟು ವರ್ಷ ಏನು ರೀಲಿಂಗ್ ಮಾಡಿದ್ರೋ ಏನೋ!”

ಒಳಗೆ ಇಬ್ಬರೂ ಚಾಪೆಯ ಮೇಲೆ ಕೂತಿದ್ದರು, ಭುಜಕ್ಕೆ ಭುಜ ತಾಗಿಸಿ. ಒಂದೇ ರಿಮೋಟು. ಎಡಗಡೆಯ ಗುಂಡಿಗಳು ಗೌರಕ್ಕನ ಎಡಗೈಯಲ್ಲಿ, ಬಲಗಡೆಯವು ನಂಜುಂಡಣ್ಣನ ಬಲಗೈಯಲ್ಲಿ. ಅವಳು ಗಾಳವನ್ನು ಅತ್ತಿತ್ತ ಆಡಿಸುವುದು, ಅವನು ದಾರ ಸುತ್ತುವುದು. ಟೀವಿಯ ತುಂಬ ನೀಲಿ ಕೆರೆ. ನೆಲದ ಮೇಲೆ ಹರಿದ ಪ್ಲಾಸ್ಟಿಕ್ಕು ಬಿದ್ದಿತ್ತು.

“ಒಡೆದ್ಬುಟ್ಟೆ ಕಣ್ಲಾ,” ಅಂದ ನಂಜುಂಡಣ್ಣ, ನನ್ನ ಮುಖ ನೋಡದೆ. “ನಿನ್ನ ಕೇಳ್ದೆ ಒಡೆದ್ಬುಟ್ಟೆ. ಬೇಜಾರ್ ಮಾಡ್ಕೋಬ್ಯಾಡ.” ಆಮೇಲೆ ಮೆಲ್ಲಗೆ, “ಅವ್ಳಿಗೆ ಎರಡು ಕೈಯಿದ್ದಾಗ ಒಡೀನಿಲ್ಲ ನಾನು,” ಅಂದ.

“ಅಣ್ಣ, ಅವತ್ತು ನಾನೇ...” ಎಂದು ಶುರುಮಾಡಿದೆ.

“ಇಬ್ರೂ ಆಮೇಕೆ ಅಳೀರಂತೆ. ಮೀನು ಕಚ್ಚೈತೆ, ಸುತ್ತಿ!” ಅಂದಳು ಗೌರಕ್ಕ. ಅವನು ಗಾಬರಿಯಲ್ಲಿ ಗುಂಡಿ ಒತ್ತಿದ. ದಾರ ಕಿತ್ತುಹೋಯಿತು. ಮತ್ತೆ ಬೈಗುಳ. ನಂಜುಂಡಣ್ಣ ತಲೆ ತಗ್ಗಿಸಿಕೊಂಡು, ಪ್ರಸಾದ ಸ್ವೀಕರಿಸುವವನ ಹಾಗೆ ಅಷ್ಟನ್ನೂ ಕೇಳಿಸಿಕೊಂಡ. ಅಷ್ಟು ಹಗುರಾದ ಅವನ ಮುಖವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅವನನ್ನು ನಾನು ಕೊನೆಯದಾಗಿ ನೋಡಿದ್ದು ಅದೇ. ಆ ವರ್ಷವೇ, ಯಾವ ಮುನ್ಸೂಚನೆಯೂ ಕೊಡದೆ, ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಕಾಯಿಲೆಯವಳನ್ನು ಬಿಟ್ಟು ಗಟ್ಟಿಯಾಗಿದ್ದವನು ಹೋದ. ಮರಳವಾಡಿಯಲ್ಲಿದ್ದ ಗೌರಕ್ಕನ ತಂಗಿ ಬಂದು ಅವಳ ಜೊತೆಗಿದ್ದಾಳೆ.

ಮೊನ್ನೆ ಹೋಗಿದ್ದೆ. ಗೌರಕ್ಕ ಟೀವಿ ಕಡೆ ಕಣ್ಣು ಮಾಡಿ, “ಒಂದಾಟ ಆಡನಾ ಏನಪ್ಪಾ? ತಂಗಿಗೆ ಇದು ಬರಕಿಲ್ಲ,” ಅಂದಳು. ಚಾಪೆಯ ಮೇಲೆ ಅವಳ ಬಲಕ್ಕೆ, ಅವನು ಕೂರುತ್ತಿದ್ದ ಜಾಗಕ್ಕೆ ಒಂದು ಗೇಣು ಬಿಟ್ಟು ಕೂತೆ. ರಿಮೋಟಿನ ನನ್ನ ಅರ್ಧವನ್ನು ಹಿಡಿದೆ. ಗಾಳ ಬಿತ್ತು. ಅವಳು ಎಡಗೈಯಲ್ಲಿ ನಿಧಾನವಾಗಿ, ಬಹಳ ನಾಜೂಕಾಗಿ ಆಡಿಸಿದಳು. ಮೀನು ಕಚ್ಚಿತು. ಈಗ ಸುತ್ತಬೇಕೋ, ಸಡಿಲ ಬಿಡಬೇಕೋ ಎಂದು ನಾನು ಯೋಚಿಸುತ್ತಿರುವಾಗಲೇ ದಾರ ಕಿತ್ತುಹೋಯಿತು.

ನಾನು ಬೈಗುಳಕ್ಕೆ ಕಾದೆ. ಗೌರಕ್ಕ ಟೀವಿಯ ಕೆರೆಯನ್ನೇ ನೋಡುತ್ತಿದ್ದಳು.

“ಹೋಗ್ಲಿ ಬುಡು,” ಅಂದಳು. “ಅವ್ರಿದ್ದಾಗ್ಲೂ ಹಿಂಗೇ ಹೋಗದು. ಅವ್ರು ಬೈಸ್ಕಳೋರು. ನಿನ್ನ ಹೆಂಗಪ್ಪಾ ಬಯ್ಲಿ?”

“ನನ್ನೂ ಬಯ್ಯಕ್ಕ” ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.