ಮದುವೆ ಮನೆಯ ಅಳುವ ಹಾಡು

ಮೊನ್ನೆ ಅಟ್ಟದಿಂದ ಹಳೆಯ ಗಿಟಾರು ಇಳಿಸಿದೆ. ತುಕ್ಕು ಹಿಡಿದ ತಂತಿ ಮುಟ್ಟಿ ಬೆರಳನ್ನು ಮೂಗಿಗೆ ಹಿಡಿದರೆ, ಅದೇ ಕಬ್ಬಿಣದ ವಾಸನೆ... ಕೂಡಲೇ ನಮ್ಮ ಬ್ಯಾಂಡಿನ ಮಾಸ್ಟ್ರು ನೆನಪಾದರು. ಜೊತೆಗೆ ಸಿಟ್ಟೂ ಬಂತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಪಣಂಬೂರಿನ ಬಂದರಿನಲ್ಲಿ ಗುಮಾಸ್ತ. ರಜೆ ಸಿಕ್ಕಿದರೆ ಜೆಪ್ಪುವಿನ ಈ ಮಾಸ್ಟ್ರ ಜೊತೆ ಕ್ರಿಶ್ಚಿಯನ್ ಮದುವೆಗಳಲ್ಲಿ ಗಿಟಾರು ಬಾರಿಸುತ್ತಿದ್ದೆ. ಅರ್ಚಕರ ಮನೆಯ ಮಗನಿಗೆ ಇದೆಂಥ ಹುಚ್ಚು ಎಂದು ಅಪ್ಪ ಮಾತು ಬಿಟ್ಟಿದ್ದರು. ಅದನ್ನೂ ಸಹಿಸಿದ್ದು ಒಂದೇ ಆಸೆಗೆ: ನಾನೇ ಕಟ್ಟಿದ ಒಂದು ತುಳು ಹಾಡನ್ನು ವೇದಿಕೆಯಲ್ಲಿ ಹಾಡಬೇಕು.

ಅಡ್ಡ ನಿಂತದ್ದು ಅಮೆರಿಕದ ಒಂದು ಹಳೆಯ ರಾಕ್ ಅಂಡ್ ರೋಲ್ ಹಾಡು. ಹುಡುಗಿ ಕೈಕೊಟ್ಟಳೆಂದು ಒಬ್ಬ ಬಿಕ್ಕಿ ಬಿಕ್ಕಿ ಅಳುವ ಹಾಡು. ನಮ್ಮೂರಲ್ಲಿ ಅದು ಮದುಮಕ್ಕಳ ಮೊದಲ ಕುಣಿತಕ್ಕೆ! ಆಗಷ್ಟೇ ಇಗರ್ಜಿಯಿಂದ ಬಂದವರು ಕೈಕೈ ಹಿಡಿದು ಸುತ್ತುತ್ತಿದ್ದರೆ, ಮಾಸ್ಟ್ರು ಮೈಕಿನ ಮುಂದೆ ಬಿಟ್ಟುಹೋದವಳಿಗಾಗಿ ಗೋಳಾಡುತ್ತಿದ್ದರು.

"ಮದುವೆಗೆ ಇದೆಂತ ಹಾಡು ಮಾಸ್ಟ್ರೇ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಪದ ಯಾರು ಕೇಳುದು ಮಾರಾಯ? ಕಾಲು ಕೇಳ್ತದಲ್ಲ, ಸಾಕು. ಅಜ್ಜಿಯಂದಿರೂ ಏಳ್ತಾರೆ, ನೋಡು."

ಏಳುತ್ತಿದ್ದದ್ದು ನಿಜ. ಹೊಸ ಡಿಸ್ಕೊ ಹಾಡಿಗೆ ಹುಡುಗರಷ್ಟೇ. ಇದರ ಮೊದಲ ಸ್ವರ ಬಿದ್ದರೆ ಸಾಕು, ಮಂಡಿನೋವಿನವರೂ ಕುರ್ಚಿ ಸರಿಸಿ ಬರುತ್ತಿದ್ದರು. ಅಷ್ಟು ನಿಧಾನ, ಅಷ್ಟು ಸಲೀಸು. ಮುಗಿದರೆ "ಇನ್ನೊಮ್ಮೆ!" ಎಂಬ ಕೂಗು. ಮಾಸ್ಟ್ರು ನನ್ನತ್ತ ತಿರುಗಿ "ಇದೊಂದು ಆಗಲಿ, ಮತ್ತೆ ನಿಂದೇ" ಎನ್ನುತ್ತಿದ್ದರು. ಅಷ್ಟರಲ್ಲಿ ಊಟಕ್ಕೆ ಕರೆ ಬರುತ್ತಿತ್ತು. ಹೀಗೆ ಆರು ವರ್ಷ ನನ್ನ ಮೂಗಿಗೆ ತುಪ್ಪ ಸವರಿದರು.

ಎಂಬತ್ತರ ದಶಕದ ನಡುವೆ ಮಾಸ್ಟ್ರು ತೀರಿಕೊಂಡರು. ತೀರಿಕೊಂಡು ತಿಂಗಳು ತುಂಬಿದ ದಿನದ ಪ್ರಾರ್ಥನೆಗೆ ಬ್ಯಾಂಡಿನವರೆಲ್ಲ ಅವರ ಮನೆಯಲ್ಲಿ ಸೇರಿದ್ದೆವು. ಅವರ ಹೆಂಡತಿ ನನ್ನ ಹತ್ತಿರ ಬಂದು, "ನಿಮ್ಮ ತುಳು ಹಾಡು ಹಾಡಿ. ಭಾರೀ ಚೆಂದ ಉಂಟು ಅಂತ ಅವರು ಎಷ್ಟು ಸಲ ಹೇಳಿದ್ದಾರೆ!" ಎಂದರು.

ನನ್ನ ಹತ್ತಿರ ಒಂದು ದಿನವೂ ಹೇಳಿದ್ದಿಲ್ಲ! ಅಭ್ಯಾಸದ ಹೊತ್ತಿನಲ್ಲಿ ಒಮ್ಮೆ ಅವರೊಬ್ಬರಿಗೇ ಹಾಡಿ ತೋರಿಸಿದ್ದೆ. ಕೇಳಿ ಮುಗಿಸಿ ಸಿಗರೇಟು ಹಚ್ಚಿದ್ದರು, ಅಷ್ಟೇ.

ಕೊನೆಗೂ ನನ್ನ ಸರದಿ. ಗಿಟಾರು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಹಾಳು ಬೆರಳುಗಳು ತಾವಾಗಿಯೇ ಆ ಅಳುವ ಹಾಡನ್ನು ಹಿಡಿದವು. ಎಲ್ಲರೂ ದನಿಗೂಡಿಸಿದರು. ಅದರ ಮಾತುಗಳು ನಮಗೆ ಕೇಳಿಸಿದ್ದು ಅವತ್ತೇ. ಮಾಸ್ಟ್ರ ಹೆಂಡತಿ ಎದ್ದು ಒಳಗೆ ಹೋದರು.

ಈಗ ನನ್ನ ಮೊಮ್ಮಗಳ ಫೋನಿನಲ್ಲೂ ಆ ಹಾಡಿದೆ, ಅದಕ್ಕೆ ಸಾವಿಲ್ಲ. ಚೆಂದವಿದ್ದರೆ ನನ್ನ ಮುಖಕ್ಕೇ ಹೇಳಲು ಏನಾಗಿತ್ತು ಎಂದು ಮಾಸ್ಟ್ರ ಹತ್ತಿರ ಜಗಳ ಆಡೋಣವೆಂದರೆ ಅವರಿಲ್ಲ... ನನ್ನ ಹಾಡಿನ ಎರಡನೇ ಚರಣ ನನಗೇ ಮರೆತುಹೋಗಿದೆ. ಅದನ್ನು ಕೇಳಿದ್ದವರು ಅವರೊಬ್ಬರೇ.